ದಾಬಸ್‌ಪೇಟೆಯಲ್ಲಿ ಒಂದು ಲೋಟ ಚಹಾ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲವನ್ನು ದಾಟಿ ಮುಂದೆ ಸಾಗಿದರೆ ದಾಬಸ್‌ಪೇಟೆ ಎದುರಾಗುತ್ತದೆ. ಶಿವಗಂಗೆಗೆ ಹೋಗುವವರು ಇಲ್ಲಿಯೇ ಎಡಕ್ಕೆ ತಿರುಗಬೇಕು. ಆ ಬೆಟ್ಟವು ಪೂರ್ವದಿಂದ ನಂದಿಯಂತೆ, ಪಶ್ಚಿಮದಿಂದ ಗಣಪತಿಯಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಸರ್ಪದಂತೆ ತೋರುವುದೆಂದು ಹಿರಿಯರ ಮಾತು. ಪೇಟೆಯು ಬೆಟ್ಟಕ್ಕೆ ಉತ್ತರದಲ್ಲಿರುವುದರಿಂದ ನಮಗೆ ಕಾಣಬೇಕಾದುದು ಸರ್ಪ. ಆದರೆ ಕಳೆದ ಕಾರ್ತಿಕ ಮಾಸದ ಒಂದು ಬೆಳಗಿನ ಜಾವ ನಾವು ಬಸ್ಸಿನಿಂದ ಇಳಿದಾಗ ಮಂಜು ಕವಿದು ಬೆಟ್ಟವೇ ಇರಲಿಲ್ಲ. ಕಂಡದ್ದು ಕೂಡುರಸ್ತೆಯ ಬದಿಯ ಚಹಾದಂಗಡಿಯ ದೀಪವೊಂದೇ.

ಅಂಗಡಿಯ ಮುಂದೆ ಇಪ್ಪತ್ತು ಮಂದಿಯಾದರೂ ನಿಂತಿದ್ದರು. ಸೋಂಪುರ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಹುಡುಗರು, ದೊಡ್ಡಬಳ್ಳಾಪುರದ ಕಡೆಯಿಂದ ಬಂದ ಲಾರಿಯವರು, ತರಕಾರಿ ಮೂಟೆ ಇಳಿಸುತ್ತಿದ್ದ ರೈತರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪುಟ್ಟ ಲೋಟ. ನಾವೂ ಒಂದು ಲೋಟ ಕೇಳಿ ಪಡೆದೆವು. ಇದನ್ನು ವಿಶೇಷವಾಗಿ ಹೇಳುವುದಕ್ಕೆ ಕಾರಣವಿದೆ.

ನಮ್ಮ ವಿದ್ಯಾಭ್ಯಾಸ ನಡೆದದ್ದು ಮಠದಲ್ಲಿ. ಬೆಳಗಿನ ಗಂಜಿ, ಮಧ್ಯಾಹ್ನದ ಮುದ್ದೆ, ಮಜ್ಜಿಗೆ, ಇವೇ ನಮ್ಮ ಆಹಾರ. ಚಹಾ ಎಂಬುದು ಪೇಟೆಯ ಸೋಮಾರಿಗಳ ಪಾನೀಯವೆಂದು ಗುರುಗಳು ನಂಬಿದ್ದರು, ನಾವೂ ನಂಬಿದೆವು. 1985ರ ಸುಮಾರಿಗೆ ತಾಡವೋಲೆಗಳನ್ನು ಅರಸುತ್ತಾ ಈ ಸೀಮೆಯ ಹಳ್ಳಿಗಳಲ್ಲಿ ಅಲೆಯುತ್ತಿದ್ದಾಗ ಒಂದು ಮನೆಯ ವೃದ್ಧೆ ಓಲೆಯ ಕಟ್ಟನ್ನು ಮಡಿಬಟ್ಟೆಯಲ್ಲಿ ಸುತ್ತಿ ತಂದಿಟ್ಟರು. ಒಡನೆಯೇ ಹಿತ್ತಾಳೆಯ ಲೋಟದಲ್ಲಿ ಚಹಾ ತಂದರು. ‘ನಾವು ಚಹಾ ಮುಟ್ಟುವವರಲ್ಲ’ ಎಂದೆವು. ಆ ತಾಯಿ ಮರುಮಾತಾಡದೆ ಲೋಟವನ್ನು ಒಳಗೊಯ್ದರು. ಹೊರಡುವಾಗ ಅಂಗಳದಲ್ಲಿದ್ದ ಮೊಮ್ಮಗ, ‘ಪಕ್ಕದ ಮನೇಲಿ ಹಾಲು ಸಾಲ ತಂದಿತ್ತು ಅಜ್ಜಿ’ ಎಂದ. ಅನ್ನವನ್ನು ಹಂಚಿ ಉಣ್ಣುವ ದಾಸೋಹದ ವಿಷಯವಾಗಿ ಆಗಲೇ ಹತ್ತಾರು ಉಪನ್ಯಾಸ ಕೊಟ್ಟಿದ್ದ ನಮಗೆ ತಲೆಯೆತ್ತಲಾಗಲಿಲ್ಲ.

ಅಂದಿನಿಂದ ಆ ಲೋಟದೊಳಗೆ ಏನಿತ್ತೆಂದು ತಿಳಿಯುವ ಕುತೂಹಲ ಹುಟ್ಟಿತು. ಹೆಸರಿನಿಂದಲೇ ಆರಂಭಿಸಬಹುದು. ಉತ್ತರ ಕರ್ನಾಟಕದವರು ಚಹಾ ಎನ್ನುತ್ತಾರೆ, ದಾಬಸ್‌ಪೇಟೆಯವರು ಟೀ ಎನ್ನುತ್ತಾರೆ. ಎರಡೂ ಚೀನೀ ಮೂಲದ ಶಬ್ದಗಳೇ. ‘ಟೀ’ ಎಂಬುದು ಚೀನದ ಆಗ್ನೇಯ ಕರಾವಳಿಯ ನುಡಿಯಿಂದ ಡಚ್ಚರ ಹಡಗೇರಿ ಯೂರೋಪಿಗೆ ಹೋಗಿ, ಆಂಗ್ಲರೊಡನೆ ನಮ್ಮಲ್ಲಿಗೆ ಬಂದಿತು. ಊರಿನ ಹೆಸರಿನಲ್ಲೂ ಒಬ್ಬ ಆಂಗ್ಲನಿದ್ದಾನೆ. 1831ರಲ್ಲಿ ಮೈಸೂರು ಸಂಸ್ಥಾನವು ಕಮಿಷನರುಗಳ ಆಡಳಿತಕ್ಕೆ ಒಳಪಟ್ಟ ಮೇಲೆ ಚಿತ್ರದುರ್ಗ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಡಾಬ್ಸ್ ಎಂಬ ಅಧಿಕಾರಿಯ ಹೆಸರೇ ದಾಬಸ್‌ಪೇಟೆಯಾಯಿತು. ಅದೇ ಕಾಲದಲ್ಲಿ, 1835ರಲ್ಲಿ, ನೀಲಗಿರಿಯ ಕೇತ್ತಿಯಲ್ಲಿ ಚಹಾಗಿಡವನ್ನು ಪ್ರಯೋಗಾರ್ಥ ನೆಟ್ಟರು.

ದಾಬಸ್‌ಪೇಟೆಯ ಕೆಂಪು ನೆಲದಲ್ಲಿ ರಾಗಿ, ಅವರೆ ಬೆಳೆದಾವೇ ಹೊರತು ಚಹಾ ಬೆಳೆಯದು. ಅದಕ್ಕೆ ವರ್ಷದ ಬಹುಭಾಗ ಮಳೆ ಬೇಕು, ಹುಳಿ ಗುಣದ ಮಣ್ಣು ಬೇಕು, ನೀರು ನಿಲ್ಲದ ಇಳಿಜಾರು ಬೇಕು. ಕರ್ನಾಟಕದಲ್ಲಿ ಇವೆಲ್ಲ ಒದಗಿದ ತಾಣಗಳು ವಿರಳ. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು, ದಕ್ಷಿಣ ಕೊಡಗಿನ ಗ್ಲೆನ್‌ಲೋರ್ನ ತೋಟಗಳು ಪ್ರಸಿದ್ಧವಾದವು. ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವಾಗ ನಾವು ಕೆಳಗೂರಿನ ತೋಟವನ್ನು ಕಂಡೆವು. ಹಸಿರು ಕಂಬಳಿ ಹೊದಿಸಿದಂತಿದ್ದ ಇಳಿಜಾರಿನ ನಡುನಡುವೆ ಸಿಲ್ವರ್ ಮರಗಳು ನೆರಳಿಗಾಗಿ ನಿಂತಿದ್ದವು. ದಾಬಸ್‌ಪೇಟೆಯ ಹೊಲದ ಬದುಗಳ ಮೇಲೂ ಇದೇ ಮರವಿದೆ; ಅಲ್ಲಿ ಅದು ನೆರಳಿಗಲ್ಲ, ಮಾರಾಟಕ್ಕೆ.

ಬಿಟ್ಟರೆ ಮರವಾಗಿ ಬೆಳೆಯುವ ಗಿಡವಿದು. ಕೆಲವು ವರ್ಷಗಳಿಗೊಮ್ಮೆ ಕತ್ತರಿಸಿ ಸೊಂಟದೆತ್ತರಕ್ಕೆ ಇಳಿಸುವುದರಿಂದ ಗಿಡ ಮತ್ತೆ ಮತ್ತೆ ಚಿಗುರೊಡೆಯುತ್ತದೆ. ಕೊಯ್ಯುವುದು ಎರಡು ಎಲೆ, ಒಂದು ಮೊಗ್ಗು. ಕುಡಿಯಿರುವ ಆ ತುದಿಯಷ್ಟೇ ಸಾರವತ್ತಾದದ್ದು. ಒಬ್ಬ ತಾಯಿ ಕೆಲಸ ನಿಲ್ಲಿಸದೆಯೇ ನಮಗೆ ತಮ್ಮ ಬೆರಳುಗಳನ್ನು ತೋರಿಸಿದರು. ಎಲೆಯ ರಸ ಹಿಡಿದು ಕಪ್ಪಾಗಿದ್ದವು. ‘ಇದು ತೊಳೆದರೆ ಹೋಗೋದಲ್ಲ’ ಎಂದು ನಕ್ಕರು. ನಾಲ್ಕು ಕಿಲೋಗಿಂತಲೂ ಹೆಚ್ಚು ಹಸಿ ಎಲೆ ಸೇರಿದರೆ ಒಂದು ಕಿಲೋ ಚಹಾಪುಡಿ.

ಕೊಯ್ದ ಎಲೆಯನ್ನು ಗಾಳಿಗೆ ಹರಡಿ ಬಾಡಿಸುತ್ತಾರೆ. ಹಲ್ಲುಗಳುಳ್ಳ ಉರುಳೆಗಳ ನಡುವೆ ಹಾಯಿಸಿ ಜಜ್ಜಿ, ಹರಿದು, ಸುರುಳಿಗೊಳಿಸುತ್ತಾರೆ. ಗಾಳಿ ತಾಗಿ ಹಸಿರು ತಾಮ್ರದ ಬಣ್ಣಕ್ಕೆ ತಿರುಗಿದಾಗ ಬಿಸಿಗಾಳಿಯಲ್ಲಿ ಒಣಗಿಸಿ ಜರಡಿ ಹಿಡಿಯುತ್ತಾರೆ. ಈ ಉರುಳೆಯ ವಿಧಾನವನ್ನು 1930ರ ಸುಮಾರಿಗೆ ಅಸ್ಸಾಮಿನಲ್ಲಿ ಕಂಡುಹಿಡಿದರು. ಜರಡಿಯ ಕೊನೆಯಲ್ಲಿ ಇಳಿಯುವ ಅತಿ ಸಣ್ಣ ಕಣವೇ ‘ಡಸ್ಟ್’. ಹೆಸರು ಕೇಳಿ ಇದು ಗುಡಿಸಿದ ಕಸವೆಂದು ನಾವು ಬಹುಕಾಲ ಭಾವಿಸಿದ್ದೆವು. ಹಾಗಲ್ಲ, ಕಣ ಸಣ್ಣದಾದಷ್ಟು ಬೇಗ ಬಣ್ಣ ಬಿಡುತ್ತದೆ, ಹಾಲು ಬೆರೆತರೂ ಖಾರ ಉಳಿಯುತ್ತದೆ. ಅಂಗಡಿಯವರು ಅದನ್ನೇ ಬಯಸುವುದು ಇದಕ್ಕಾಗಿ.

ಹೀಗೆಂದು ಚಹಾದ ಪರವಾಗಿ ವಕಾಲತ್ತು ವಹಿಸುತ್ತಿಲ್ಲ. ಮನೆಯ ಹಾಲನ್ನೆಲ್ಲ ಡೈರಿಗೆ ಹಾಕಿ ಮಕ್ಕಳಿಗೆ ಚಹಾ ಕೊಡುವುದನ್ನು ನಾವು ಇಂದಿಗೂ ಒಪ್ಪುವುದಿಲ್ಲ. ಅದರಲ್ಲಿರುವ ಟ್ಯಾನಿನ್ ಎಂಬ ಒಗರು, ರಾಗಿ ಸೊಪ್ಪುಗಳಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ತಡೆಯುತ್ತದೆ. ಊಟಕ್ಕೆ ಮೊದಲು ಮತ್ತು ಅನಂತರ ಒಂದು ಗಂಟೆಯಾದರೂ ಚಹಾ ಕಾಫಿ ಬೇಡವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2024ರಲ್ಲಿ ತಿಳಿಸಿದೆ. ರಕ್ತಹೀನತೆಯಿರುವ ಹೆಣ್ಣುಮಕ್ಕಳು, ಗರ್ಭಿಣಿಯರು ಇದನ್ನು ಗಮನಿಸಬೇಕು. ಗುರುಗಳ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಆದರೆ ಚಹಾವನ್ನು ನಿರಾಕರಿಸುವುದು ಬೇರೆ, ತಂದುಕೊಟ್ಟ ಕೈಯನ್ನು ನಿರಾಕರಿಸುವುದು ಬೇರೆ. ಅಂದು ನಾವು ಎರಡನ್ನೂ ಒಂದೇ ಮಾತಿನಲ್ಲಿ ಮಾಡಿದ್ದೆವು.

ಬಿಸಿಲೇರಿ ಮಂಜು ಹರಿದಾಗ ಬೆಟ್ಟದ ಬೆನ್ನು ಕಾಣಿಸಿತು. ಶಿವಗಂಗೆಯ ದರ್ಶನ ಮುಗಿಸಿಕೊಂಡು ಹಿಂದಿರುಗುವಾಗ ಆ ಹಳ್ಳಿಗೆ ಹೋದೆವು. ಅಜ್ಜಿ ತೀರಿಕೊಂಡು ಬಹಳ ವರ್ಷಗಳಾಗಿವೆ. ಮೊಮ್ಮಗ ಕಾರ್ಖಾನೆಯ ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ಚಾಪೆ ಹಾಸಿ, ‘ಸ್ವಾಮೀ, ಟೀ ಕುಡೀತೀರಾ?’ ಎಂದು ಅನುಮಾನಿಸುತ್ತಲೇ ಕೇಳಿದರು. ಅರ್ಧ ಲೋಟ ಸಾಕೆಂದೆವು. ಆಕೆ ತುಂಬಿಯೇ ತಂದರು.