ಮೊದಲ ಸುತ್ತಿನಲ್ಲೇ ಮನೆಗೆ

ಪತ್ರಿಕೆಯ ಕ್ರೀಡಾಪುಟ ಗೆದ್ದವರ ಪುಟ. ಫೈನಲ್ ಗೆದ್ದವನ ಹೆಸರು ಮೊದಲ ಸಾಲಿನಲ್ಲಿ, ಅವನಿಗೆ ಸೋತವನ ಹೆಸರು ಎರಡನೆಯ ಸಾಲಿನಲ್ಲಿ. ಜಾಗ ಮಿಕ್ಕಿದರೆ ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಒಂದು ಸಾಲು ಉಂಟು. ಮೊದಲ ಸುತ್ತಿನಲ್ಲಿ ಸೋತವರು ಏನಾದರೆಂದು ಕೇಳುವವರಿಲ್ಲ. ಲೆಕ್ಕ ಹಾಕಿ ನೋಡಿದರೆ ಇದು ಅನ್ಯಾಯ. 32 ಜನ ಆಡುವ ಪಂದ್ಯಾವಳಿಯಲ್ಲಿ ಗೆಲ್ಲುವವನು ಒಬ್ಬ, ಸೋಲುವವರು 31. ಅವರಲ್ಲಿ 16 ಜನ ಮೊದಲ ಸುತ್ತಿನಲ್ಲೇ ಮನೆಯ ದಾರಿ ಹಿಡಿಯುತ್ತಾರೆ. ಅಂದರೆ ಬಂದವರಲ್ಲಿ ಸರಿಯಾಗಿ ಅರ್ಧ. ಆ ಅರ್ಧದ ಪರವಾಗಿ ಒಬ್ಬನಾದರೂ ನಾಲ್ಕು ಮಾತು ಬರೆಯಬೇಕು. ಮೊನ್ನೆ ಆಷಾಢದಲ್ಲಿ ಕಾರವಾರದ ಒಂದು ಕ್ಯಾರಂ ಪಂದ್ಯಾವಳಿಯಲ್ಲಿ 25ಕ್ಕೆ 7ರಿಂದ ಸೋತು ಅಂಕೋಲೆಗೆ ಮರಳಿದ ನನಗೆ ಆ ಅರ್ಹತೆ ಇದೆಯೆಂದು ನಂಬಿದ್ದೇನೆ.

ಕ್ಯಾರಂ ಎಂದೊಡನೆ ಕೆಲವರು ನಗುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ಷಡ್ಡಕರು ಅವರಲ್ಲಿ ಒಬ್ಬರು. ಅವರು ಗಾಲ್ಫ್ ಆಡುತ್ತಾರೆ. ಆ ಊರಿನಲ್ಲಿ 1876ರಿಂದಲೂ ಗಾಲ್ಫ್ ಕ್ಲಬ್ಬು ಇದೆ. ನಮ್ಮಲ್ಲಿ ಅದೆಲ್ಲಿಂದ ಬರಬೇಕು? ಘಟ್ಟ ಇಳಿದರೆ ಗದ್ದೆ, ಗದ್ದೆ ದಾಟಿದರೆ ಸಮುದ್ರ. 18 ಗುಂಡಿ ತೋಡುವಷ್ಟು ಸಮತಟ್ಟು ನೆಲ ಸಿಕ್ಕರೆ ಯಾರಾದರೂ ಅಲ್ಲಿ ಶೇಂಗಾ ಬಿತ್ತಿರುತ್ತಾರೆ. ಮೇಲಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಚೆಂಡು ಹೊಡೆದರೆ ಅದು ಗುಂಡಿಗೆ ಸೇರುವ ಮೊದಲು ಹಳ್ಳಕ್ಕೆ ಸೇರುತ್ತದೆ. ಆದ್ದರಿಂದ ಗುಂಡಿಗೆ ಗುರಿಯಿಡುವ ಆಸೆಯನ್ನು ನಾವು ಜಗಲಿಯ ಮೇಲೆಯೇ ತೀರಿಸಿಕೊಂಡೆವು. ಷಡ್ಡಕರಿಗೆ ನಾನು ಹೇಳುವ ಮಾತು ಇಷ್ಟೇ: ಗಾಲ್ಫಿನ ಗುಂಡಿ 4.25 ಅಂಗುಲ ಅಗಲ, ಅಂದರೆ ಚೆಂಡಿನ ಎರಡೂವರೆ ಪಟ್ಟು. ನಮ್ಮ ಗುಂಡಿ 1.75 ಅಂಗುಲ, ಕಾಯಿಯ ಒಂದೂವರೆ ಪಟ್ಟೂ ಇಲ್ಲ.

ನಮ್ಮ ಮನೆಯಲ್ಲಿ ಕರಿ ಇಶಾಡ ಮಾವಿನ ಹಣ್ಣು ಮುಗಿದು ಮೊದಲ ಮಳೆ ಹೊಯ್ದ ವಾರ ಬೋರ್ಡು ಅಟ್ಟದಿಂದ ಇಳಿಯುತ್ತದೆ. ಇಳಿದೊಡನೆ ಆಡುವಂತಿಲ್ಲ. ಮಳೆಗಾಲದ ಗಾಳಿಯಲ್ಲಿರುವ ನೀರನ್ನು ಪ್ಲೈವುಡ್ ಕುಡಿಯುತ್ತದೆ. ಬೋರಿಕ್ ಪುಡಿ ಎರಚಿದರೆ ಉಂಡೆ ಕಟ್ಟುತ್ತದೆ. ಬೋರ್ಡಿನ ಮೇಲೆ 100 ವಾಟಿನ ಬಲ್ಬು ಇಳಿಬಿಟ್ಟು, ಅರ್ಧ ತಾಸು ಕಾಯಿಸಿ, ಹಳೆಯ ಧೋತರದ ಚೂರಿನಿಂದ ಉಜ್ಜಿದ ಮೇಲೆ ಸ್ಟ್ರೈಕರು ಒಲ್ಲದ ಮನಸ್ಸಿನಿಂದ ಮುಂದೆ ಸಾಗುತ್ತದೆ. ಅದರಿಂದ ಕೆಲಸ ತೆಗೆಯಬೇಕಾದರೆ ಬೆರಳಿನಲ್ಲಿ ಬಲ ಬೇಕು. ಸಾಲದ್ದಕ್ಕೆ ಬೋರ್ಡಿನ ಒಂದು ಮೂಲೆ ಉಬ್ಬಿದೆ. ಅಲ್ಲಿಗೆ ಬಂದ ಕಾಯಿ ಗುಂಡಿಯ ಮುಂದೆ ತುಸು ಬಲಕ್ಕೆ ತಿರುಗುತ್ತದೆ. ಎಷ್ಟು ತಿರುಗುತ್ತದೆಂಬುದು ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತು: ನನಗೆ ಮತ್ತು ನಿವೃತ್ತ ಪೋಸ್ಟ್ ಮಾಸ್ತರರಿಗೆ.

ಪೋಸ್ಟ್ ಮಾಸ್ತರರೂ ನಾನೂ 22 ಮಳೆಗಾಲ ಎದುರುಬದುರು ಕುಳಿತು ಆಡಿದೆವು. ಯಾರು ಎಷ್ಟು ಗೆದ್ದರೆಂದು ಬರೆದಿಟ್ಟವರಲ್ಲ. ಆದರೂ ನಮ್ಮಿಬ್ಬರಲ್ಲಿ ನಾನೇ ಮೇಲು ಎಂಬುದು ನನಗೆ ಖಚಿತವಾಗಿತ್ತು. ತಾವೇ ಮೇಲು ಎಂಬುದು ಅವರಿಗೆ ಖಚಿತವಾಗಿದ್ದ ಹಾಗೆ. ಹೋದ ವರ್ಷ ಮೊಣಕಾಲು ಕೈಕೊಟ್ಟು ಅವರು ಪುಣೆಗೆ ಮಗನ ಮನೆಗೆ ಹೋದರು. ಆಮೇಲೆ ನನ್ನ ಎದುರಿಗೆ ಕುಳಿತವರು ರಜೆಗೆ ಬಂದ ಮೊಮ್ಮಕ್ಕಳು. ಮೊಮ್ಮಕ್ಕಳ ಮುಂದೆ ಗೆದ್ದರೂ ಸುಖವಿಲ್ಲ, ಸೋತರೂ ಅರ್ಥವಿಲ್ಲ. ಕ್ಷೌರದಂಗಡಿಯ ಗೋಡೆಯ ಮೇಲೆ ಕಾರವಾರದ ಪಂದ್ಯಾವಳಿಯ ಚೀಟಿ ಕಂಡಾಗ ನನಗೆ ಬಹುಮಾನದ ಆಸೆ ಹುಟ್ಟಲಿಲ್ಲ. 22 ಮಳೆಗಾಲದಲ್ಲಿ ಗಳಿಸಿದ್ದು ಎಷ್ಟು ಎಂದು ತಿಳಿದುಕೊಳ್ಳುವ ಆಸೆ ಹುಟ್ಟಿತು. 200 ರೂಪಾಯಿ ಪ್ರವೇಶ ಧನ ಕಟ್ಟಿದೆ.

ಬಸ್ಸು ಅವರ್ಸಾ, ಅಮದಳ್ಳಿ ದಾಟಿ ಬಿಣಗಾಕ್ಕೆ ಬರುವ ಹೊತ್ತಿಗೆ ಬಲಗೈಯ ತೋರುಬೆರಳನ್ನು ಹತ್ತು ಸಲ ಮಡಚಿ ಬಿಚ್ಚಿದ್ದೆ. ಸಭಾಗೃಹದಲ್ಲಿ ಎಂಟು ಬೋರ್ಡುಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ನನ್ನ ಎದುರಾಳಿ ಕಾಲೇಜಿನ ಹುಡುಗ. ನನ್ನನ್ನು ಕಂಡು ಎದ್ದು ನಿಂತು, “ನಮಸ್ಕಾರ ಸರ್” ಎಂದ. ಅಂಪೈರರು ನಿಯಮ ಓದಿದರು: ಒಂದೇ ಗೇಮು, 25 ಅಂಕ, ಕುರ್ಚಿಯಿಂದ ಏಳುವಂತಿಲ್ಲ, ಕುರ್ಚಿ ಸರಿಸುವಂತಿಲ್ಲ. ನಮ್ಮ ಜಗಲಿಯಲ್ಲಿ ಕುರ್ಚಿಯೇ ಇಲ್ಲ. ಬೇಕಾದ ಕಡೆಗೆ ಜರುಗಿ, ಅರ್ಧ ಎದ್ದು, ಬಗ್ಗಿ ಹೊಡೆಯುವ ರೂಢಿ ಪೋಸ್ಟ್ ಮಾಸ್ತರರದೂ ಹೌದು, ನನ್ನದೂ ಹೌದು.

ಹುಡುಗ ಮೊದಲ ಬೋರ್ಡನ್ನು ಎರಡು ಸರದಿಯಲ್ಲಿ ಮುಗಿಸಿದ. ನನ್ನವು ಏಳು ಕಾಯಿ ಬೋರ್ಡಿನ ಮೇಲೆ, ರಾಣಿ ಅವನ ಕಡೆ, 10 ಅಂಕ. ನಾನು ಹೊಡೆದ ಒಂದೊಂದು ಕಾಯಿಯೂ ಗುಂಡಿಯ ಬಾಯಿಯ ತನಕ ಸರಿಯಾಗಿಯೇ ಹೋಯಿತು. ಹೋಗಿ ಅಂಚಿಗೆ ಬಡಿದು ಅಷ್ಟೇ ವೇಗದಲ್ಲಿ ಹಿಂದಕ್ಕೆ ಬಂತು. ಒದ್ದೆ ಬೋರ್ಡಿಗೆ ಬೇಕಾದ ಬಲ ಒಣ ಬೋರ್ಡಿಗೆ ಬೇಡ. ಇದು ತಲೆಗೆ ಹೊಳೆಯಲು ಎರಡು ನಿಮಿಷ ಸಾಕಾಯಿತು. ಬೆರಳಿಗೆ ತಿಳಿಸುವುದು ಹೇಗೆ? ಅದು 22 ಮಳೆಗಾಲ ಕಲಿತದ್ದನ್ನೇ ಮಾಡುತ್ತಿತ್ತು. ಎರಡನೆಯ ಬೋರ್ಡು ನನ್ನದಾಯಿತು: ರಾಣಿಯ 3, ಅವನ ಉಳಿದ ಕಾಯಿಗಳ 4, ಒಟ್ಟು 7. ಹಿಂದೆ ನಿಂತಿದ್ದ ಯಾರೋ “ಅಡ್ಡಿಲ್ಲ, ಅಜ್ಜ ಗಟ್ಟಿ ಇದ್ದಾನೆ” ಎಂದದ್ದು ಕಿವಿಗೆ ಬಿತ್ತು. ಮೂರನೆಯದರಲ್ಲಿ ಅವನಿಗೆ 8. ನಾಲ್ಕನೆಯದರಲ್ಲಿ ರಾಣಿಯನ್ನು ನಾನೇ ತೆಗೆದೆ. ಆದರೆ ಬೋರ್ಡು ಸೋತವನಿಗೆ ರಾಣಿಯಿಂದ ಲಾಭವಿಲ್ಲ. ಅವನಿಗೆ 6, ಒಟ್ಟು 24. ಐದನೆಯದರಲ್ಲಿ ನನ್ನದು ಒಂದೇ ಕಾಯಿ ಉಳಿದು, ಗುಂಡಿಯ ಅಂಚಿನಲ್ಲಿ, ಊದಿದರೆ ಬೀಳುವಂತೆ ನಿಂತಿತ್ತು. ಅದಕ್ಕೆ ಮೊದಲು ಅವನ ಕೊನೆಯ ಕಾಯಿ ಬಿತ್ತು. ಕೈ ಕುಲುಕಿ, ಮುಂದಿನ ಸುತ್ತಿನಲ್ಲಿ ತನ್ನ ಎದುರಾಳಿ ಯಾರೆಂದು ನೋಡಲು ಹುಡುಗ ಹಲಗೆಯ ಕಡೆಗೆ ಹೋದ. ಎಲ್ಲ ಸೇರಿ 40 ನಿಮಿಷ.

ಗಾಲ್ಫಿನಲ್ಲಿ ಹ್ಯಾಂಡಿಕ್ಯಾಪ್ ಎಂಬ ದಯೆಯ ಏರ್ಪಾಡು ಇದೆ. 2020ರಿಂದ ಲೋಕಕ್ಕೆಲ್ಲ ಒಂದೇ ಲೆಕ್ಕ ಮಾಡಿ, ತೀರ ಹೊಸಬರಿಗೆ 54ರವರೆಗೂ ರಿಯಾಯಿತಿ ಇಟ್ಟಿದ್ದಾರೆ. ಬಲ್ಲವನೂ ಬಾರದವನೂ ಒಂದೇ ಪಂದ್ಯದಲ್ಲಿ ಮಾನವಾಗಿ ಆಡಬಹುದು. ಕ್ಯಾರಮ್ಮಿಗೆ ಆ ದಯೆ ಇಲ್ಲ. ಚೆನ್ನೈನ ಮರಿಯಾ ಇರುದಯಂ ಅವರು ಈ ಆಟಕ್ಕಾಗಿಯೇ 1996ರ ಅರ್ಜುನ ಪ್ರಶಸ್ತಿ ಪಡೆದವರು. ಅವರು ಬಂದು ಕುಳಿತರೂ 25, ನಾನು ಕುಳಿತರೂ 25. ಬಸ್ಸಿನಲ್ಲಿ ಕುಳಿತು ಇದೇ ಸರಿಯೆಂದುಕೊಂಡೆ. ಹತ್ತು ಅಂಕ ಧರ್ಮಕ್ಕೆ ಕೊಟ್ಟಿದ್ದರೆ 25ಕ್ಕೆ 17 ಆಗುತ್ತಿತ್ತು. ನಾನು ಕೇಳಲು ಹೋದ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ.

ಉತ್ತರವೇನೋ ಸಿಕ್ಕಿತು. ಆದರೆ ಅದು ಸುಲಭವಾಗಿ ಗಂಟಲಲ್ಲಿ ಇಳಿಯಲಿಲ್ಲ. ಹವ್ಯಾಸಿಯ ಸೋಲಿನಲ್ಲಿ ಇದೊಂದು ವಿಚಿತ್ರ: ಹೊಟ್ಟೆಪಾಡಿಗೆ ಪೆಟ್ಟಿಲ್ಲ, ಯಾರಿಗೂ ನಷ್ಟವಿಲ್ಲ; ಆದರೂ ಮೂರು ರಾತ್ರಿ ಆ ಒಂದು ಕಾಯಿ ಗುಂಡಿಯ ಅಂಚಿನಲ್ಲಿ ನಿಂತೇ ಇತ್ತು. ನನಗೆ ಕ್ಯಾರಂ ಬರುತ್ತದೆ ಎಂದು ತಿಳಿದಿದ್ದೆ. ನನಗೆ ಬರುತ್ತಿದ್ದದ್ದು ಒಂದು ಬೋರ್ಡು, ಅದರ ಮೇಲಿನ ಮಳೆಗಾಲ, ಮತ್ತು ಎದುರಿಗೆ ಕುಳಿತ ಒಬ್ಬ ಮನುಷ್ಯ. ಅಷ್ಟು ಮಾತ್ರ ಚೆನ್ನಾಗಿ ಬರುತ್ತಿತ್ತು. ಅದು ಕಡಿಮೆಯ ವಿದ್ಯೆಯೇನೂ ಅಲ್ಲ. ಆದರೆ ಬಸ್ಸು ಹತ್ತಿ ಬೇರೆ ಊರಿಗೆ ಒಯ್ಯಲು ಬರುವಂಥದ್ದಲ್ಲ.

ನಾಲ್ಕನೆಯ ದಿನ ಪುಣೆಗೆ ಫೋನು ಮಾಡಿದೆ. ಪೋಸ್ಟ್ ಮಾಸ್ತರರು ಅಂಕ ಕೇಳಿದರು, ಹೇಳಿದೆ. ರಾಣಿ ಎಷ್ಟು ಸಲ ಎಂದರು, ಎರಡು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಆ ಬೋರ್ಡಿಗೆ ಉಬ್ಬಿದ ಮೂಲೆ ಇತ್ತೋ?”

“ಇರಲಿಲ್ಲ. ನಾಲ್ಕೂ ಮೂಲೆ ಸಪಾಟು.”

“ಹಾಗಾದ್ರೆ ಅದರಲ್ಲಿ ಆಡೂದು ಹೇಗೆ, ಮಾಸ್ತರೇ?”

ಚೌತಿಗೆ ಅವರು ಊರಿಗೆ ಬರುತ್ತಾರಂತೆ. ಅಲ್ಲಿಯವರೆಗೂ ಬೋರ್ಡು ಜಗಲಿಯ ಮೇಲೆಯೇ ಇರುತ್ತದೆ.