ಷೆಡ್ಡು ಹಾಕೋದು ಎಲ್ಲಿ, ಆಟೋನಗರದಲ್ಲೋ ಶಾರ್ಜಾದಲ್ಲೋ?

ವಿಜಯವಾಡದ ಆಟೋನಗರಕ್ಕೆ ಲಾರಿಯ ಬಾಡಿ ಕಟ್ಟಿಸಲು ಹೋದವರಿಗೆ ಮಾಡಲು ಕೆಲಸವಿರುವುದಿಲ್ಲ. ಒಳಗೆ ಮರ ಕೊಯ್ಯುತ್ತಾರೆ, ತಗಡು ಬಡಿಯುತ್ತಾರೆ. ಹೊರಗೆ ಕೂತವನು ಚಹಾ ಕುಡಿಯಬೇಕು, ಮಾತಾಡಬೇಕು. ಮಾತು ಡೀಸೆಲ್ ರೇಟಿನಿಂದ ಶುರುವಾದರೂ ಗಲ್ಫ್‌ಗೆ ಹೋಗಿ ನಿಲ್ಲುತ್ತದೆ. ವೆಲ್ಡರನ ಭಾವಮೈದ ಮಸ್ಕತ್‌ನಲ್ಲಿ, ಪೇಂಟರನ ತಮ್ಮ ದಮ್ಮಾಮ್‌ನಲ್ಲಿ. ವಿಶಾಖಪಟ್ಟಣದಲ್ಲಿ ಗಾಜುವಾಕ ಪಕ್ಕದ ಆಟೋನಗರದಲ್ಲೂ ಇದೇ ಕತೆ.

ಸಿಂಧನೂರು ಕಡೆಯಿಂದ ಬಂದು ಇಲ್ಲೇ ನೆಲೆನಿಂತ ಲಾರಿ ವೈರಿಂಗ್‌ನವನೊಬ್ಬ ಕನ್ನಡ ಕಿವಿಗೆ ಬಿದ್ದದ್ದೇ ಸ್ಟೂಲು ಎಳೆದುಕೊಂಡು ಕೂತ. ಶಾರ್ಜಾದಲ್ಲಿ ಗ್ಯಾರೇಜ್ ಹಾಕುವ ಆಸೆ ಅವನಿಗೆ. "ಆದ್ರ ಸರ, ಅಲ್ಲಿ ಷರಿಯಾ ಕಾನೂನಂತಲ್ರಿ. ಲೆಕ್ಕ ತಪ್ಪಿದ್ರ ಕೈ ಕಡೀತಾರೇನ್ರಿ?"

ಹಾಗಿದ್ದಿದ್ದರೆ ಆ ದೇಶದಲ್ಲಿ ಒಬ್ಬ ಅಕೌಂಟೆಂಟ್ ಉಳಿಯುತ್ತಿರಲಿಲ್ಲ, ಬಿಡಿ. ಯುಎಇ ಸಂವಿಧಾನದ 7ನೇ ವಿಧಿ ಷರಿಯಾವನ್ನು ಶಾಸನದ ಒಂದು ಮುಖ್ಯ ಮೂಲವೆಂದು ಹೇಳುವುದು ನಿಜ. ಆದರೆ ಅಂಗಡಿ ತೆರೆಯಹೊರಟವನಿಗೆ ಮೊದಲು ಎದುರಾಗುವವನು ಖಾಜಿಯಲ್ಲ. ಅರಬ್ಬಿಯಲ್ಲಿ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿನ ಮಲಯಾಳಿ. ಅವನು ಕೇಳುವ ಪ್ರಶ್ನೆ ಒಂದೇ: ಯಾವ ಕೆಲಸಕ್ಕೆ ಲೈಸೆನ್ಸು? ಮೆಕ್ಯಾನಿಕ್ ಕೆಲಸ ಬೇರೆ, ವೈರಿಂಗ್ ಬೇರೆ, ಡೆಂಟಿಂಗ್-ಪೇಂಟಿಂಗ್ ಬೇರೆ, ಟಯರ್ ಬೇರೆ. ಲೈಸೆನ್ಸಿನಲ್ಲಿ ಬರೆಯದ ಕೆಲಸ ಮುಟ್ಟಿದರೆ ದಂಡ. ಬೋರ್ಡಿನ ಮೇಲೆ ಅರಬ್ಬಿ ಅಕ್ಷರವೂ ಇರಬೇಕು. ವೈರಿಂಗ್ ಮಾಡುತ್ತಲೇ ಪಕ್ಕದವನ ಕಮಾನು ಪಟ್ಟಿಗೂ ಕೈಹಾಕಿ, ಸಂಜೆ ಹಳೇ ಬ್ಯಾಟರಿ ಮಾರುವ ಆಟೋನಗರದ ಕಸುಬುದಾರನಿಗೆ ಯಾವ ಧರ್ಮಶಾಸ್ತ್ರಕ್ಕಿಂತಲೂ ಕಷ್ಟವಾಗುವುದು ಈ ನಿಯಮವೇ.

ಇನ್ನು ಅರ್ಬಾಬ್, ಅಂದರೆ ವ್ಯವಹಾರಕ್ಕೆ ಹೆಸರು ಕೊಡುವ ಸ್ಥಳೀಯ ಧಣಿ. ಕಂಪನಿ ಕಟ್ಟಬೇಕಾದರೆ ನೂರಕ್ಕೆ 51 ಪಾಲು ಸ್ಥಳೀಯನ ಹೆಸರಿನಲ್ಲಿರಬೇಕು ಎಂಬ ನಿಯಮ ಬಹಳ ಕಾಲ ಇತ್ತು. ಅದು ಬಂದದ್ದು ಯಾವ ಧರ್ಮಗ್ರಂಥದಿಂದಲೂ ಅಲ್ಲ, ಸರಕಾರದ ವಾಣಿಜ್ಯ ನೀತಿಯಿಂದ. ಬಹುಪಾಲು ವ್ಯವಹಾರಗಳಿಗೆ 2021ರ ಜೂನ್‌ನಿಂದ ಅದು ಹೋಯಿತು. ಅದಕ್ಕೂ ಹಿಂದೆಯೇ ನಮ್ಮ ಕರಾವಳಿಯವರು ಅಲ್ಲಿ ಸಾಮ್ರಾಜ್ಯ ಕಟ್ಟಿದ್ದರು. ಕಾಪುವಿನ ಬಿ. ಆರ್. ಶೆಟ್ಟರು 1973ರಲ್ಲಿ ಅಬುಧಾಬಿಗೆ ಹೋಗಿ, ಔಷಧ ಮಾರುತ್ತ ತಿರುಗಿ, 1975ರಲ್ಲಿ ಎನ್‌ಎಂಸಿ ಆಸ್ಪತ್ರೆ ಶುರುಮಾಡಿದರು, ಹೆಂಡತಿಯೇ ಡಾಕ್ಟರು. ಕಂಪನಿ 2012ರಲ್ಲಿ ಲಂಡನ್ ಷೇರುಪೇಟೆ ಹತ್ತಿತು. 2019ರ ಡಿಸೆಂಬರಿನಲ್ಲಿ ಅದರ ಲೆಕ್ಕಪತ್ರ ಸರಿಯಿಲ್ಲವೆಂದು ತಗಾದೆ ತೆಗೆದದ್ದು ಅಮೆರಿಕದ ಒಂದು ಸಂಸ್ಥೆ. ಮುಂದೆ ಅದರ ಪಂಚಾಯಿತಿ ನಡೆದದ್ದು ಮೊದಲು ಲಂಡನ್ನಿನಲ್ಲಿ, ಆಮೇಲೆ ಅಬುಧಾಬಿಯಲ್ಲೇ ಇಂಗ್ಲಿಷ್ ಕಾಮನ್ ಲಾ ನಡೆಯುವ ಆರ್ಥಿಕ ವಲಯದ ಕೋರ್ಟಿನಲ್ಲಿ. ಷರಿಯಾಕ್ಕೆ ಹೆದರುವವರು ಈ ಕತೆಯನ್ನು ಇನ್ನೊಮ್ಮೆ ಓದಬೇಕು.

ಹಾಗಾದರೆ ಷರಿಯಾ ಎಲ್ಲಿದೆ? ಬಡ್ಡಿಯಲ್ಲಿದೆ. ಇಸ್ಲಾಮಿಕ್ ಬ್ಯಾಂಕಿಗೆ ಹೋಗಿ ಕಾರು ಎತ್ತುವ ಲಿಫ್ಟಿಗೆ ಸಾಲ ಕೇಳಿದರೆ ದುಡ್ಡು ಕೈಗೆ ಕೊಡುವುದಿಲ್ಲ. ಬ್ಯಾಂಕೇ ಲಿಫ್ಟು ಕೊಂಡು, ತನ್ನ ಲಾಭ ಇಷ್ಟೆಂದು ಬಾಯಿಬಿಟ್ಟು ಹೇಳಿ, ಅದನ್ನು ಸೇರಿಸಿ ಕಂತಿನ ಮೇಲೆ ನಿಮಗೆ ಮಾರುತ್ತದೆ. ಇದಕ್ಕೆ ಮುರಾಬಹಾ ಎಂದು ಹೆಸರು. ಇದನ್ನು ವಿವರಿಸಿದಾಗ ನಮ್ಮ ವೈರಿಂಗ್‌ನವನು ನಕ್ಕ. "ಬಡ್ಡಿನೇ ಆತಲ್ರಿ ಸರ, ಅಂಗಿ ಬದಲ್ ಮಾಡ್ಯಾರ." ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಸಾಲ ತಂದು ಷೆಡ್ಡು ಹಾಕಿದವನು ಅವನು, ಈ ವಿಷಯದಲ್ಲಿ ಅವನನ್ನು ಸುಲಭಕ್ಕೆ ಮರುಳು ಮಾಡಲಾಗದು. ಆದರೂ ಒಂದು ವ್ಯತ್ಯಾಸ ಉಂಟು: ಅಲ್ಲಿ ಮಾರಿದ ಬೆಲೆ ಮೊದಲೇ ಗಟ್ಟಿ. ಕಂತು ತಡವಾಯಿತೆಂದು ಬೆಲೆ ಬೆಳೆಸುವಂತಿಲ್ಲ.

ನಿಜವಾಗಿ ಹೆದರಬೇಕಾಗಿದ್ದದ್ದು ಚೆಕ್ಕಿಗೆ. ಬಾಡಿಗೆಗೆಂದು ವರ್ಷದ ಚೆಕ್ಕುಗಳನ್ನು ಮುಂಗಡ ತಾರೀಕು ಹಾಕಿ ಕೊಡುವುದು ಅಲ್ಲಿನ ರೂಢಿ. ಅದರಲ್ಲೊಂದು ಬೌನ್ಸಾದರೂ ಪೊಲೀಸು. 2022ರ ಜನವರಿಯಿಂದ ಖಾತೆಯಲ್ಲಿ ಹಣ ಸಾಲದ ಚೆಕ್ಕಿಗೆ ಆ ಕ್ರಿಮಿನಲ್ ಕೇಸಿನ ಕಾಟ ಹೆಚ್ಚುಕಡಿಮೆ ತಪ್ಪಿದೆ, ವಸೂಲಿಯ ಕಾಟ ತಪ್ಪಿಲ್ಲ.

ಕೊನೆಯದು, ಯಾರೂ ಕೇಳದ ಪ್ರಶ್ನೆ. ಮಾಲೀಕ ಸತ್ತರೆ ಗ್ಯಾರೇಜು ಯಾರದು? ಖಾತೆ ಫ್ರೀಜ್ ಆಗುತ್ತದೆ, ವಾರಸುದಾರರನ್ನು ಕೋರ್ಟು ತೀರ್ಮಾನಿಸಬೇಕು. ವಿಲ್ ಇಲ್ಲದಿದ್ದರೆ ಷರಿಯಾ ಪಾಲಿನ ಲೆಕ್ಕ ಬಂದು ಕೂರುವ ಸಂಭವವಿತ್ತು. ಅದರಲ್ಲಿ ಮಕ್ಕಳಿರುವ ಹೆಂಡತಿಗೆ ಎಂಟರಲ್ಲಿ ಒಂದು ಪಾಲು. ಮುಸ್ಲಿಮೇತರರು ವಿಲ್ ನೋಂದಾಯಿಸಲು 2015ರಲ್ಲಿ ದುಬೈನಲ್ಲಿ ಪ್ರತ್ಯೇಕ ವ್ಯವಸ್ಥೆ ಬಂತು. 2023ರಲ್ಲಿ ಜಾರಿಯಾದ ಕಾನೂನಿನಂತೆ, ಮುಸ್ಲಿಮೇತರ ವಿಲ್ ಬರೆಯದೆ ಸತ್ತರೆ ಅರ್ಧ ಹೆಂಡತಿಗೆ, ಉಳಿದರ್ಧ ಗಂಡು ಹೆಣ್ಣೆನ್ನದೆ ಮಕ್ಕಳಿಗೆ ಸಮಪಾಲು. ಏನೇ ಇರಲಿ, ಲೈಸೆನ್ಸು ಆದ ದಿನವೇ ವಿಲ್ ಬರೆಸಿಬಿಡು ಎಂದೆ.

"ಅದೊಂದು ಬ್ಯಾಡ್ರಿ ಸರ," ಎಂದ ಅವನು, "ವಿಲ್ ಅಂದ್ರ ಮನಿಯಾಕಿ ಪಾಸ್‌ಪೋರ್ಟೇ ಬಚ್ಚಿಡ್ತಾಳ."