ನಾನು ಹಾಕಿದ ಬೀಗ

ಬ್ಲಾಗಿಗೆ ಬೀಗ ಹಾಕಿ ಮೂರು ತಿಂಗಳಾಗಿತ್ತು. ಇವತ್ತು ಬರೆಯೋಕೆ ಕೂತಿದ್ದೂ ಬೀಗದ ವಿಷ್ಯಾನೇ. ಕೋಡು ಬರೆಯದ ಗೆಳೆಯರೂ ಓದಿ, ಅಷ್ಟೇನೂ ಕಷ್ಟ ಇಲ್ಲ :-)

ನಮ್ಮದು ಆನ್‌ಲೈನ್ ಅಂಗಡಿಯೊಂದರ ಪೈಥಾನ್ ಕೋಡು. ಆರ್ಡರ್ ಬಂದಾಗ ಒಂದು ಫಂಕ್ಷನ್ ಲಾಕ್ ಹಿಡಿದು, ಸ್ಟಾಕ್ ಕಳೆಯೋ ಇನ್ನೊಂದು ಫಂಕ್ಷನ್ ಕರೀತಿತ್ತು. ಅದೂ ಅದೇ ಲಾಕ್ ಕೇಳ್ತಿತ್ತು. ಅಸಿಂಕ್‌ಐಒ ಲಾಕ್‌ಗೆ ಹಿಡಿದವನೇ ಮತ್ತೆ ಕೇಳ್ತಿದಾನೆ ಅಂತ ಗೊತ್ತಾಗಲ್ಲ. ಬೀಗದ ಕೈ ಜೇಬಲ್ಲಿಟ್ಟುಕೊಂಡು ಬೀಗದ ಕೈಗೇ ಕಾಯ್ತಾ ನಿಂತ ಹಾಗಾಯ್ತು. ಎಲ್ಲಾ ಸ್ತಬ್ಧ!

ನಾನು ಜಾಣ ನೋಡಿ, ಅದನ್ನ ತೆಗೆದು ಥ್ರೆಡಿಂಗ್‌ನ ಆರ್‌ಲಾಕ್ ಹಾಕಿದೆ. ಅದು ರೀಎಂಟ್ರೆಂಟ್, ಅಂದ್ರೆ ಒಮ್ಮೆ ಹಿಡಿದವರು ಮತ್ತೆ ಬಂದ್ರೆ ತಡೆಯಲ್ಲ. ಸರ್ವರ್ ಓಡಿತು. ಎರಡು ವಾರ ಆದ್ಮೇಲೆ ಇದ್ದ ಒಂದೇ ಮಿಕ್ಸರ್ ಇಬ್ಬರಿಗೆ ಮಾರಾಟ ಆಯ್ತು. ಸ್ಟಾಕ್ ಫಂಕ್ಷನ್ ಬರೆದಿದ್ದು ಟೀಮಿಗೆ ಹೊಸದಾಗಿ ಸೇರಿದ ಹುಡುಗ. ಕಾಲ್‌ನಲ್ಲಿ ಎಲ್ಲರ ಮುಂದೆ ಬೈಸಿಕೊಂಡ. ನಾನೂ "ಸರಿಯಾಗಿ ಟೆಸ್ಟ್ ಮಾಡಬೇಕಿತ್ತು" ಅಂತ ಒಂದು ಮಾತು ಸೇರಿಸಿದೆ...

ಅವತ್ತು ಸಂಜೆ ಜ್ಞಾನಭಾರತಿ ಕ್ಯಾಂಪಸ್ಸಲ್ಲಿ ವಾಕಿಂಗ್ ಹೋಗಿದ್ದೆ. ವಾಪಸ್ ಬಂದಾಗ ನಮ್ಮ ಅಪಾರ್ಟ್‌ಮೆಂಟ್ ವಾಚ್‌ಮನ್ ನನ್ನನ್ನೇ ಗೇಟಲ್ಲಿ ನಿಲ್ಲಿಸಿದ. "ಗಾಡಿ ಆಗಲೇ ಒಳಗೆ ಹೋಯ್ತಲ್ಲ ಸಾರ್, ನೀವೇ ಹೋದ್ರಿ ಅಂದ್ಕೊಂಡೆ." ಹೋಗಿದ್ದು ನನ್ನ ತಮ್ಮ. ವಾಚ್‌ಮನ್ ನೋಡಿದ್ದು ಗಾಡಿ ನಂಬರ್, ಮುಖ ಅಲ್ಲ.

ಮೆಟ್ಟಿಲ ಮೇಲೇ ಕೂತುಬಿಟ್ಟೆ. ಆರ್‌ಲಾಕ್ ಕೂಡ ನೋಡೋದು ಥ್ರೆಡ್ಡನ್ನ, ಟಾಸ್ಕನ್ನಲ್ಲ. ಅಸಿಂಕ್‌ಐಒದಲ್ಲಿ ಒಂದು ಈವೆಂಟ್ ಲೂಪಿನ ಎಲ್ಲಾ ಟಾಸ್ಕುಗಳೂ ಒಂದೇ ಥ್ರೆಡ್ ಅನ್ನೋ ಗಾಡಿ ಮೇಲೆ ಓಡಾಡೋದು. ಒಂದು ಟಾಸ್ಕ್ ಲಾಕ್ ಹಿಡಿದು, ಸ್ಟಾಕ್ ಒಂದಿದೆ ಅಂತ ಓದಿ, ಡೇಟಾಬೇಸ್‌ಗೆ ಬರೆಯೋಕೆ ಅವೈಟ್ ಅಂತ ನಿಲ್ಲುತ್ತೆ. ಆ ಸಂದಿಯಲ್ಲಿ ಇನ್ನೊಂದು ಬಂದು ಅದೇ ಲಾಕ್ ಕೇಳಿದ್ರೆ, "ಓ ನೀನೇನಾ, ಹೋಗು"! ಅದೂ ಒಂದಿದೆ ಅಂತಲೇ ಓದುತ್ತೆ. ನಾನು ಹಾಕಿದ್ದು ಬೀಗಾನೇ ಅಲ್ಲ. (ಸಿ ಶಾರ್ಪ್‌ನಲ್ಲಿ ಲಾಕ್ ಬ್ಲಾಕ್ ಒಳಗೆ ಅವೈಟ್ ಬರೆದ್ರೆ ಕಂಪೈಲರೇ ಬಿಡಲ್ಲ. ಪೈಥಾನ್ ನಮ್ಮನ್ನ ಸ್ವಲ್ಪ ಜಾಸ್ತಿನೇ ನಂಬುತ್ತೆ.)

ರಿಪೇರಿ ಸುಲಭ. ಹಳೇ ಅಸಿಂಕ್‌ಐಒ ಲಾಕನ್ನೇ ವಾಪಸ್ ತಂದು, ಹೊರಗಿನ ಫಂಕ್ಷನ್ ಒಂದೇ ಸಲ ಹಿಡಿಯೋ ಹಾಗೆ ಮಾಡಿದೆ. ಒಳಗಿನದು ಲಾಕಿನ ತಂಟೆಗೇ ಹೋಗಲ್ಲ. ಲಾಕ್ ಹಿಡಿದವರು ಮಾತ್ರ ಕರೀಬೇಕು ಅಂತ ಅದರ ಹೆಸರಲ್ಲೇ ಬರೆದೆ. ಮತ್ತೆ ಒಳಗೆ ಬರೋ ಪ್ರಶ್ನೆಯೇ ಇಲ್ಲ ಅಂದ್ಮೇಲೆ ರೀಎಂಟ್ರೆಂಟ್ ಯಾಕೆ ಬೇಕು?

ಮಾರನೇ ದಿನ ಅದೇ ಕಾಲ್‌ನಲ್ಲಿ "ತಪ್ಪು ನನ್ನ ಸಾಲಿನದು" ಅಂದೆ. ಆಮೇಲೆ ಆ ಹುಡುಗನಿಗೆ ಬೇರೆ ಫೋನ್ ಮಾಡಿದೆ. "ಬಿಡಣ್ಣ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನಿನ್ನೆ ರಾತ್ರಿ ನಿದ್ದೆ ಮಾತ್ರ ಬರಲಿಲ್ಲ" ಅಂದ.